ಮಾಯದ ಹುಣ್ಣಿಗೆ ಮುಲಾಮು ಸಾಲದು

ಮಾನ್ಯರೇ,

ಆಲೆಮನೆಯ ಕೊಪ್ಪರಿಗೆಯ ಬಿಸಿ ಪಾಕ ಸಿಡಿದು ಸುಟ್ಟ ಕಾಲು, ಕಬ್ಬಿನ ಕೂಳೆ ತರಚಿ ವರ್ಷಗಟ್ಟಲೆ ಒಣಗದ ಗಾಯ ನಮ್ಮ ಮಂಡ್ಯ ಕಡೆ ಹೊಸದಲ್ಲ. ಇಂಥ ಹಳೇ ಗಾಯ, ಸುಟ್ಟ ಕಲೆಗಳಲ್ಲಿ ಕೆಲವೊಮ್ಮೆ 30 ವರ್ಷ ಕಳೆದ ಮೇಲೂ ಕ್ಯಾನ್ಸರ್ ಹುಟ್ಟುತ್ತದೆ. ಅದಕ್ಕೆ ಮಾರ್ಜೊಲಿನ್ ಹುಣ್ಣು ಎನ್ನುತ್ತಾರೆ. ಕಪ್ಪು ಮೈಯವರಿಗೆ ಚರ್ಮದ ಕ್ಯಾನ್ಸರ್ ಬರುವುದಿಲ್ಲ ಎಂಬ ನಂಬಿಕೆಯಿಂದ ಎಷ್ಟೋ ಜನ ತೀರಾ ತಡವಾಗಿ ಆಸ್ಪತ್ರೆಗೆ ಬರುತ್ತಾರೆ.

ಚರ್ಮದ ತಳಪದರದಲ್ಲೂ ಕೂದಲ ಬುಡದಲ್ಲೂ ಆಕರಕೋಶಗಳಿವೆ (ಸ್ಟೆಮ್ ಸೆಲ್ ಎನ್ನುವುದು ಇವನ್ನೇ). ಮೇಲಿನ ಕೋಶಗಳು ತಿಂಗಳೊಪ್ಪತ್ತಿನಲ್ಲಿ ಉದುರಿಹೋಗುತ್ತವೆ, ಅವುಗಳ ದೋಷವೂ ಜೊತೆಗೇ ಹೋಗುತ್ತದೆ. ಆಕರಕೋಶ ವರ್ಷಗಟ್ಟಲೆ ಉಳಿದು ಒಡೆದು ಎರಡಾಗುತ್ತಲೇ ಇರುವುದರಿಂದ ಡಿಎನ್‌ಎ ದೋಷಗಳು ಅದರಲ್ಲೇ ಕೂಡಿಕೊಳ್ಳುತ್ತವೆ. ಗಾಯ ಮಾಯದಿದ್ದರೆ ಆಕರಕೋಶಕ್ಕೆ ಬಿಡುವೇ ಇಲ್ಲ, ಮೇಲೆ ಸದಾ ಉರಿಯೂತ ಬೇರೆ. 2012ರಲ್ಲಿ ಇಲಿಗಳ ಚರ್ಮದ ಗಡ್ಡೆಯ ಕೋಶಗಳಿಗೆ ಗುರುತು ಹಾಕಿ ನೋಡಿದಾಗ, ಗಡ್ಡೆಯನ್ನು ಬೆಳೆಸುತ್ತಿದ್ದವು ಆಕರಕೋಶದ ಗುಣವಿದ್ದ ಕೆಲವೇ ಕೋಶಗಳು ಎಂದು ತಿಳಿಯಿತು. ಮೆಲನೋಮದಲ್ಲಿ (ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಕ್ಯಾನ್ಸರ್) ಮಾತ್ರ ಈ ಲೆಕ್ಕ ಸುಲಭವಲ್ಲ. 2008ರ ಪ್ರಯೋಗವೊಂದರಲ್ಲಿ, ರೋಗನಿರೋಧಕ ಶಕ್ತಿ ತೀರಾ ಕಡಿಮೆಯಿದ್ದ ಇಲಿಗಳಿಗೆ ಹಾಕಿದ ಮೆಲನೋಮ ಕೋಶಗಳಲ್ಲಿ ಸುಮಾರು 4ರಲ್ಲಿ ಒಂದು ಗಡ್ಡೆ ಕಟ್ಟಿತು. ಏನೇ ಇರಲಿ, ಕಾಸ್ಟಿಕ್ (ಚರ್ಮ ಸುಡುವ ರಾಸಾಯನಿಕ) ಹಚ್ಚಿ ಹುಣ್ಣಿನ ಮೇಲ್ಮೈ ಸುಟ್ಟರೆ ತಳದಲ್ಲಿ ಉಳಿದದ್ದು ಮತ್ತೆ ಬೆಳೆಯುತ್ತದೆ.

3 ತಿಂಗಳು ಪಟ್ಟಿ ಕಟ್ಟಿದರೂ ಮಾಯದ ಹುಣ್ಣಿಗೆ ಬಯಾಪ್ಸಿ (ಚಿಕ್ಕ ತುಂಡು ತೆಗೆದು ಪರೀಕ್ಷಿಸುವುದು) ಆಗಲೇಬೇಕು. ಅಂಚು ಗಟ್ಟಿಯಾಗಿ ಹೊರಕ್ಕೆ ಮಗುಚಿದ್ದರೆ, ಮುಟ್ಟಿದರೆ ರಕ್ತ ಬಂದರೆ, ನಾತ ಹೊಡೆದರೆ 3 ತಿಂಗಳೂ ಕಾಯಬಾರದು. ತುಂಡನ್ನು ನಡುವಿನ ಕೊಳೆತ ಭಾಗದಿಂದ ತೆಗೆಯದೆ ಅಂಚಿನಲ್ಲಿ ಎರಡು ಮೂರು ಕಡೆ, 4 ಮಿ.ಮೀ. ಪಂಚ್‌ನಿಂದ (ಚರ್ಮದ ದುಂಡು ತುಂಡು ಕತ್ತರಿಸುವ ಸಲಕರಣೆ), ಕೊಬ್ಬಿನ ಪದರ ಸಿಗುವಷ್ಟು ಆಳಕ್ಕೆ ತೆಗೆಯಬೇಕು. ಮೇಲುಮೇಲಿನ ಚೂರು ಕಳಿಸಿದರೆ ವರದಿಯಲ್ಲಿ ಬರೀ ಉರಿಯೂತ ಎಂದು ಬರಬಹುದು, ರೋಗಿ ನೆಮ್ಮದಿಯಿಂದ ಮನೆಗೆ ಹೋಗುತ್ತಾರೆ, ಕ್ಯಾನ್ಸರ್ ಅಲ್ಲೇ ಇರುತ್ತದೆ! ತುಂಡಿನ ಹತ್ತು ಪಟ್ಟು ಶೇ 10ರ ಫಾರ್ಮಲಿನ್ (ಕೋಶ ಕೆಡದಂತೆ ಕಾಪಾಡುವ ದ್ರಾವಣ) ಇರಬೇಕು, ಸಲೈನ್‌ನಲ್ಲಿಟ್ಟರೆ ಕೋಶ ಕೆಡುತ್ತದೆ. ಕಾಲಿನ ಹುಣ್ಣಾದರೆ, ರೋಗ ಹರಡಿದೆಯೇ ಎಂದು ತಿಳಿಯಲು ತೊಡೆಸಂದಿನಲ್ಲಿ ಗಂಟಿದೆಯೇ ಎಂದೂ ಮುಟ್ಟಿ ನೋಡಬೇಕು.

ತಾಲ್ಲೂಕು ಆಸ್ಪತ್ರೆಗಳ ಡ್ರೆಸ್ಸಿಂಗ್ ಚೀಟಿಯಲ್ಲಿ ‘ಗಾಯ ಯಾವಾಗಿನದು’ ಎಂಬ ಕಲಂ ಸೇರಿಸಿ, 3 ತಿಂಗಳು ದಾಟಿದವರನ್ನು ಮಂಡ್ಯದ ಮಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜು) ಆಸ್ಪತ್ರೆಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಕಳಿಸುವಂತೆ ಜಿಲ್ಲಾ ಆರೋಗ್ಯಾಧಿಕಾರಿಗಳು ಆದೇಶ ಹೊರಡಿಸಲಿ.

– ಚರ್ಮರೋಗ ವೈದ್ಯರು, ಮಂಡ್ಯ