ಸಹಜ ಅಭಿನಯಕ್ಕೂ ಗಡಿಯಾರವಿದೆ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ‘ಸೇಂಟ್ ಫ್ರಾನ್ಸಿಸ್’ (2019) ಚಿತ್ರದ ಬಗ್ಗೆ ಬರೆದಿದ್ದೀರಿ. ಷಿಕಾಗೋದಲ್ಲಿ ನಡೆಯುವ ಈ ಸ್ವತಂತ್ರ ಚಿತ್ರವನ್ನು ಕನ್ನಡದ ಓದುಗರಿಗೆ ಪರಿಚಯಿಸಿದ್ದು ಒಳ್ಳೆಯ ಕೆಲಸ. ಆದರೆ ಎರಡು ಮಾತು ಒಪ್ಪುವಂತಿಲ್ಲ. ಮೂವತ್ತನಾಲ್ಕರ ನ್ಯಾನಿ (ಮಗು ನೋಡಿಕೊಳ್ಳುವ ಕೆಲಸದವಳು) ಬ್ರಿಜೆಟ್ ‘ನಿರ್ದೇಶಕರ ಸೃಷ್ಟಿ’ ಎಂದಿದ್ದೀರಿ. ನಿರ್ದೇಶನ ಅಲೆಕ್ಸ್ ಥಾಂಪ್ಸನ್ ಅವರದು ನಿಜ. ಚಿತ್ರಕಥೆ ಮಾತ್ರ ಬ್ರಿಜೆಟ್ ಆಗಿ ನಟಿಸಿದ ಕೆಲ್ಲಿ ಓ’ಸಲಿವನ್ ಅವರದೇ. ಆ ಹೆಸರು ಬರಹದಲ್ಲಿ ಒಮ್ಮೆಯೂ ಬರಲಿಲ್ಲ.

ಎರಡನೆಯದು, ಬ್ರಿಜೆಟ್ ನೋಡಿಕೊಳ್ಳುವ ಆರು ವರ್ಷದ ಹುಡುಗಿ ಫ್ರಾನ್ಸಿಸ್ ‘ಕ್ಯಾಮೆರಾ ಮುಂದೆ ಸುಮ್ಮನೆ ಆಡಿಕೊಂಡಿದ್ದಾಳೆ’ ಎಂಬುದು. ಮಕ್ಕಳಿರುವ ಸೆಟ್ಟಿನಲ್ಲಿ ಸುಮ್ಮನೆ ಆಗುವುದು ಏನೂ ಇಲ್ಲ.

ಮೊದಲು ಸಮಯದ ಲೆಕ್ಕ ನೋಡಿ. ಅಮೆರಿಕದಲ್ಲಿ ಈ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾದ್ದನ್ನೇ ತೆಗೆದುಕೊಂಡರೆ, 6ರಿಂದ 9 ವರ್ಷದ ಮಗು ಶಾಲೆಯಿರುವ ದಿನ ಸೆಟ್ಟಿನಲ್ಲಿ 8 ಗಂಟೆ ಇರಬಹುದು. ಅದರಲ್ಲಿ 3 ಗಂಟೆ ಪಾಠಕ್ಕೆ, 1 ಗಂಟೆ ವಿಶ್ರಾಂತಿಗೆ ಹೋಗಿ, ಕೆಲಸಕ್ಕೆ ಉಳಿಯುವುದು 4 ಗಂಟೆ. ಆರು ತಿಂಗಳೊಳಗಿನ ಕೂಸು 2 ಗಂಟೆಗಿಂತ ಹೆಚ್ಚು ಅಲ್ಲಿರುವಂತಿಲ್ಲ, ಕೆಲಸ 20 ನಿಮಿಷ ಮೀರುವಂತಿಲ್ಲ. ಪ್ರಖರ ಬೆಳಕು ಅದರ ಮೇಲೆ ಒಂದು ಸಲಕ್ಕೆ 30 ಸೆಕೆಂಡಿಗಿಂತ ಹೆಚ್ಚು ಬೀಳಬಾರದು. ಕೂಸಿನ ಪಾತ್ರಕ್ಕೆ ಅವಳಿಗಳನ್ನು ಹುಡುಕುವುದು ಇದಕ್ಕೇ.

ಹಾಗಾಗಿ ಮಗುವಿನ ಕ್ಲೋಸಪ್ ಮೊದಲು ಮುಗಿಯಬೇಕು. ನ್ಯಾನಿಯ ಕ್ಲೋಸಪ್ ಹೊತ್ತಿಗೆ ಮಗು ಮನೆಗೆ ಹೋಗಿರುತ್ತದೆ. ಆಗ ನಟಿ ನೋಡಲೆಂದು ಸ್ಟ್ಯಾಂಡಿನ ಮೇಲೆ ಮಗುವಿನ ಕಣ್ಣಿನ ಎತ್ತರಕ್ಕೆ ಟೇಪ್ ಅಂಟಿಸಬೇಕು, ಮಗುವಿನ ಮಾತು ಓದುವವರು ಮಂಡಿಯೂರಿ ಅಲ್ಲೇ ಕೂರಬೇಕು. ಅವರು ನಿಂತು ಓದಿದರೆ ನಟಿಯ ನೋಟ ಒಂದಡಿ ಮೇಲೇರುತ್ತದೆ. ಎರಡು ಶಾಟ್ ಜೋಡಿಸಿದಾಗ ನ್ಯಾನಿ ಮಗುವಿನ ತಲೆಯ ಮೇಲಿನ ಗೋಡೆ ನೋಡಿ ಮಾತಾಡಿದಂತೆ ಕಾಣುತ್ತದೆ. ಸಂಕಲನದಲ್ಲಿ ಇದಕ್ಕೆ ಮದ್ದಿಲ್ಲ.

ಹಾಸ್ಯ ಕೆಡುವುದು ಹೆಚ್ಚಾಗಿ ಹೇಳಿಕೊಡುವ ರೀತಿಯಿಂದ. ‘ಇದು ನಗೆಯ ಮಾತು, ಹೀಗೆ ಹೇಳು’ ಎಂದು ದೊಡ್ಡವರು ಹೇಳಿ ತೋರಿಸಿದರೆ ಮಗು ಆ ರಾಗವನ್ನೇ ಒಪ್ಪಿಸುತ್ತದೆ, ಹತ್ತು ಟೇಕ್ ಆದರೂ ಅದೇ ರಾಗ. ಬದಲಿಗೆ ಕೆಲಸ ಕೊಡಬೇಕು: ಈ ಷೂ ಬಿಚ್ಚು, ಅವರು ಕೇಳಿದಾಗ ಉತ್ತರ ಕೊಡು. ಕೈಗೆ ಕೆಲಸ ಸಿಕ್ಕರೆ ಬಾಯಿಂದ ಮಾತು ತಾನಾಗಿ ಬರುತ್ತದೆ. ‘ಕಟ್’ ಎನ್ನದೆ ಕ್ಯಾಮೆರಾ ಓಡಿಸುತ್ತಲೇ ಮತ್ತೆ ಶುರು ಮಾಡುವುದು ಇನ್ನೂ ಒಳ್ಳೆಯದು. ಪ್ರತಿ ‘ಕಟ್’ ಕೂಡ ಮಗುವಿಗೆ ಆಟ ಮುಗಿದ ಸೂಚನೆ. ಕೂಸು ಮಲಗಿದ್ದರೆ, ಶಾಟಿನ ಗುರುತಿಗೆ ಶುರುವಿನಲ್ಲಿ ಹೊಡೆಯುವ ಕ್ಲ್ಯಾಪನ್ನು ಕೊನೆಗೆ, ಬೋರ್ಡನ್ನು ತಲೆಕೆಳಗಾಗಿ ಹಿಡಿದು ಮೆತ್ತಗೆ ಹೊಡೆಯಬೇಕು. ಅಳುವನ್ನು ಬೇರೆಯಾಗಿ ರೆಕಾರ್ಡ್ ಮಾಡಿಕೊಳ್ಳಬೇಕು. ಮಾತಿನ ಮೇಲೆಯೇ ಅಳು ಕೂತರೆ ಎರಡನ್ನೂ ಬಿಡಿಸುವುದು ಕಷ್ಟ.

ದೂರದ ಶಾಟ್‌ಗಳಿಗೆ ಬೊಂಬೆ ಸಾಕು. ಆದರೆ ಹತ್ತಿ ತುಂಬಿದ ಹಗುರ ಬೊಂಬೆ ಕೊಟ್ಟರೆ ನಟಿಯ ಭುಜ ಇಳಿಯುವುದಿಲ್ಲ, ಸೊಂಟ ವಾಲುವುದಿಲ್ಲ. ಒಳಗೆ ನಾಲ್ಕೈದು ಕಿಲೋ ಭಾರ ಹಾಕಿ, ಕತ್ತನ್ನು ಸಡಿಲ ಬಿಡಬೇಕು. ಆಗ ಕೈ ತಾನಾಗಿ ಕತ್ತಿನ ಹಿಂದಕ್ಕೆ ಹೋಗುತ್ತದೆ. ನ್ಯಾನಿ ಕೆಲಸಕ್ಕೆ ಹೊಸಬಳೋ ಪಳಗಿದವಳೋ ಎಂಬುದನ್ನು ಆ ಒಂದು ಕೈಯೇ ಹೇಳಿಬಿಡುತ್ತದೆ. ಕಾರಿನಲ್ಲಿ ಮಗುವನ್ನು ಕೂರಿಸುವ ಸೀಟಿನ ಬೆಲ್ಟೂ ಹಾಗೆಯೇ: ಎದೆಯ ಕ್ಲಿಪ್ ಕಂಕುಳಿನ ಮಟ್ಟದಲ್ಲಿರಬೇಕು, ಹೊಟ್ಟೆಯ ಮೇಲೆ ಇದ್ದರೆ ಅವಳಿಗೆ ಕೆಲಸ ಗೊತ್ತಿಲ್ಲ ಎಂದರ್ಥ. ಬ್ರಿಜೆಟ್ ಈ ಕೆಲಸದಲ್ಲಿ ನುರಿತವಳಲ್ಲ. ಇಂಥ ಪಾತ್ರದಲ್ಲಿ ತಪ್ಪು ಮಾಡುವ ಕೈಯನ್ನೂ ಲೆಕ್ಕ ಹಾಕಿಯೇ ತೋರಿಸಬೇಕು.

ರಕ್ತದ ಮಾತು ನಿಮ್ಮ ಬರಹದಲ್ಲಿ ಇಲ್ಲವೇ ಇಲ್ಲ. ಮುಟ್ಟು, ಗರ್ಭಪಾತ, ಆಮೇಲೂ ನಿಲ್ಲದ ಸ್ರಾವ ಈ ಕಥೆಯ ಬೆನ್ನೆಲುಬು. ಅದನ್ನು ಬಿಟ್ಟು ಚಿತ್ರವನ್ನು ಬರೀ ‘ಮಗು ಮತ್ತು ನ್ಯಾನಿಯ ಮುದ್ದಾದ ಸ್ನೇಹ’ ಎಂದರೆ ಚಿತ್ರ ನೋಡಲು ಹೋದವರಿಗೆ ಮೋಸವಾದಂತೆ. ತಯಾರಿಯ ದೃಷ್ಟಿಯಿಂದಲೂ ಇದು ಸಣ್ಣ ಕೆಲಸವಲ್ಲ. ಹಸಿ ಕಲೆ ಕಡುಗೆಂಪು, ಒಣಗಿದ್ದು ಕಂದು. ದೃಶ್ಯಗಳನ್ನು ಹಿಂದುಮುಂದಾಗಿ ಚಿತ್ರೀಕರಿಸುವುದರಿಂದ ಪ್ರತಿ ಹಂತದ ಫೋಟೋ ಬೇಕು, ಒಂದೇ ಹೊದಿಕೆಯ ಕನಿಷ್ಠ ಮೂರು ಪ್ರತಿ ಬೇಕು. ನಟಿ ಕಲೆ ತೊಳೆಯುವ ದೃಶ್ಯವಿದ್ದರೆ ತಣ್ಣೀರೇ ಇರಲಿ. ನಿಜವಾದ ರಕ್ತದ ಕಲೆ ಬಿಸಿನೀರಿಗೆ ಬಟ್ಟೆಗೇ ಹಿಡಿದುಕೊಳ್ಳುತ್ತದೆ, ಪರದೆಯ ಮೇಲೆ ಹಬೆ ಕಂಡರೆ ನೋಡುವ ಹೆಂಗಸರು ಕೂಡಲೇ ಸುಳ್ಳನ್ನು ಹಿಡಿಯುತ್ತಾರೆ.

ಇನ್ನೊಂದು ಸಣ್ಣ ತಿದ್ದುಪಡಿ. ಬರಹದಲ್ಲಿ ನ್ಯಾನಿ, ಬೇಬಿಸಿಟ್ಟರ್ ಎರಡನ್ನೂ ಒಂದೇ ಅರ್ಥದಲ್ಲಿ ಬಳಸಿದ್ದೀರಿ. ಬೇಬಿಸಿಟ್ಟರ್ ಕೆಲವು ಗಂಟೆ ಮಗುವನ್ನು ನೋಡಿಕೊಂಡು ಹೋಗುವವರು. ನ್ಯಾನಿಯದು ದಿನನಿತ್ಯದ ನೌಕರಿ. ಫ್ರಾನ್ಸಿಸ್‌ಳ ತಾಯಿ ಮಾಯಾ ಬಾಣಂತನದ ಖಿನ್ನತೆಯಲ್ಲಿರುವುದು ಬ್ರಿಜೆಟ್‌ಗೆ ಕಾಣುವುದು ಅವಳು ದಿನವಿಡೀ ಆ ಮನೆಯಲ್ಲಿ ಇರುವುದರಿಂದಲೇ.

ಚಿತ್ರಕಥೆ ಯಾರದೆಂಬ ತಿದ್ದುಪಡಿಯನ್ನಾದರೂ ಮುಂದಿನ ಭಾನುವಾರ ಅದೇ ಪುಟದಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತು,
ಒಬ್ಬ ಓದುಗ