ಎದುರು ಮನೆಯ ಸೋರುವ ಸೂರು

ಪ್ರೀತಿಯ ಗೆಳೆಯನಿಗೆ,

ಕಳೆದ ಪತ್ರದಲ್ಲಿ ನೀನು ‘ಗ್ರ್ಯಾನ್ ಟೊರಿನೊ’ ಚಿತ್ರವನ್ನು ಬಂದೂಕು ಹಿಡಿದ ಸಿಡುಕು ಮುದುಕನ ಕಥೆ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೆ. ಆ ಮಾತು ಮನಸ್ಸಿನಿಂದ ಹೋಗದೆ ಚಿತ್ರವನ್ನು ಮತ್ತೊಮ್ಮೆ ನೋಡಿದೆ. ಈ ಸಲ ಆ ಮುದುಕ ವಾಲ್ಟ್ ಕೊವಾಲ್ಸ್ಕಿಯ ಮುಖಕ್ಕಿಂತ ಅವನಿರುವ ಬೀದಿಯನ್ನೇ ಹೆಚ್ಚು ಗಮನಿಸಿದೆ. ಅವನು ಬಾಯಿಬಿಟ್ಟು ಹೇಳದ ಎಷ್ಟೋ ಸಂಗತಿಗಳು ಅಲ್ಲಿ ಕಾಣಿಸಿದವು.

ನಿರ್ದೇಶಕ ಕ್ಲಿಂಟ್ ಈಸ್ಟ್‌ವುಡ್ 2008ರ ಈ ಚಿತ್ರದಲ್ಲಿ ವಾಲ್ಟನ ಮನೆಗೆ ಆರಿಸಿಕೊಂಡದ್ದು ಅಮೆರಿಕದ ಡೆಟ್ರಾಯಿಟ್ ನಗರದ ಮಗ್ಗುಲಲ್ಲಿರುವ ಹೈಲ್ಯಾಂಡ್ ಪಾರ್ಕ್ ಪಟ್ಟಣವನ್ನು. 1913ರಲ್ಲಿ ಫೋರ್ಡ್ ಕಂಪನಿ ಕಾರುಗಳನ್ನು ಚಲಿಸುವ ಸಾಲಿನಲ್ಲಿ ಜೋಡಿಸತೊಡಗಿದ್ದು ಅಲ್ಲಿಯೇ. 1930ರಲ್ಲಿ 50,000 ದಾಟಿದ್ದ ಅಲ್ಲಿನ ಜನಸಂಖ್ಯೆ 2010ರ ಹೊತ್ತಿಗೆ 12,000ಕ್ಕಿಂತಲೂ ಕೆಳಗಿಳಿದಿತ್ತು. ಫೋರ್ಡ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದ, 1972ರ ತನ್ನ ‘ಗ್ರ್ಯಾನ್ ಟೊರಿನೊ’ ಕಾರಿನ ಸ್ಟೀರಿಂಗ್ ಕಂಬವನ್ನು ಕೈಯಾರೆ ಜೋಡಿಸಿದ ಮನುಷ್ಯನನ್ನು ಕೂರಿಸಲು ಇದಕ್ಕಿಂತ ತಕ್ಕ ಬೀದಿ ಎಲ್ಲಿ ಸಿಗಬೇಕು?

ಸುತ್ತಲಿನ ಮನೆಗಳ ಬಣ್ಣ ಸುಲಿದುಹೋಗಿರುವಾಗ ಅವನ ಅಂಗಳದ ಹುಲ್ಲು ಮಾತ್ರ ಒಪ್ಪವಾಗಿ ಕತ್ತರಿಸಿಕೊಂಡಿದೆ, ಜಗಲಿಯಲ್ಲಿ ಬಾವುಟ ಹಾರುತ್ತಿದೆ. ಪಕ್ಕದ ಮನೆಗೆ ಬಂದ, ಆಗ್ನೇಯ ಏಷ್ಯಾ ಮೂಲದ ಮೋಂಗ್ ಜನಾಂಗದ ಕುಟುಂಬವನ್ನು ಅವನು ಕೇಳಬಾರದ ಮಾತುಗಳಲ್ಲಿ ಜರೆಯುತ್ತಾನೆ. ಆ ದ್ವೇಷ ಸುಳ್ಳಲ್ಲ, ನಾನು ಅದನ್ನು ಸಮರ್ಥಿಸುವುದೂ ಇಲ್ಲ. ಆದರೆ ಆ ಮನೆಯ ಅಜ್ಜಿಯೂ ತನ್ನ ಜಗಲಿಯಲ್ಲಿ ಕುಳಿತು ಅವನನ್ನು ಅಷ್ಟೇ ಅಸಹ್ಯದಿಂದ ನೋಡುತ್ತಾಳೆ. ಅವನು ತಂಬಾಕು ಉಗುಳಿದರೆ ಆಕೆ ಬಾಯಿತುಂಬ ಇದ್ದದ್ದನ್ನು ಅವನಿಗಿಂತ ಜೋರಾಗಿ ಉಗುಳುತ್ತಾಳೆ. ಜಗಲಿಕಟ್ಟೆಯ ಮೇಲೆ ಎಲೆಅಡಿಕೆ ಹಾಕಿಕೊಂಡು ಬೀದಿ ಕಾಯುವ ಹಿರಿಯರನ್ನು ನೋಡಿ ಬೆಳೆದ ನಮಗೆ ಆ ದೃಶ್ಯವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಬೀದಿ ಕೈಬಿಟ್ಟು ಹೋಗುತ್ತಿದ್ದರೂ ಅದನ್ನು ಬಿಟ್ಟು ಕದಲದ ಇಬ್ಬರು ಅವರು.

ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಎದುರು ಮನೆ. ವಾಲ್ಟನ ಕಾರು ಕದಿಯಲು ಬಂದ ತಪ್ಪಿಗೆ ಆ ಮೋಂಗ್ ಮನೆಯ ಹುಡುಗ ಥಾವೊ ಕೆಲಸ ಮಾಡಿ ಋಣ ತೀರಿಸಬೇಕಾಗಿ ಬಂದಾಗ, ವಾಲ್ಟನ ಸ್ವಂತ ಮನೆಯಲ್ಲಿ ಅವನಿಂದ ಮಾಡಿಸುವಂಥದ್ದು ಏನೂ ಉಳಿದಿರುವುದಿಲ್ಲ. ಆಗ ಅವನು ದಿನವೂ ತನ್ನ ಕಣ್ಣಿಗೆ ಚುಚ್ಚುತ್ತಿದ್ದ ಎದುರಿನ ಹಾಳುಮನೆಯನ್ನು ತೋರಿಸಿ ಅದರ ಸೂರನ್ನು ರಿಪೇರಿ ಮಾಡಿಸುತ್ತಾನೆ. ತನ್ನದಲ್ಲದ ಮನೆಯ ಸೂರಿಗೆ ಮರುಗುವ ಆ ಮನಸ್ಸು, ಯಾರನ್ನೂ ಹತ್ತಿರ ಸೇರಿಸದ ಆ ನಾಲಿಗೆಯ ಹಿಂದೆಯೇ ಅಡಗಿತ್ತು. ಸ್ವಂತ ಮಕ್ಕಳಿಗೆ ಅದು ಕಾಣಲಿಲ್ಲವೆಂದರೆ ಕಾರಣ ಸರಳವಾಗಿದೆ: ಅವರು ಆ ಬೀದಿಯನ್ನು ಯಾವತ್ತೋ ಬಿಟ್ಟು ಹೋಗಿದ್ದರು.

ಆಮೇಲೆ ಗ್ಯಾರೇಜಿನ ಗೋಡೆ ತುಂಬ ತೂಗುಹಾಕಿದ ಸಲಕರಣೆಗಳನ್ನು ಕಂಡು ಹುಡುಗ ಬೆರಗಾಗುತ್ತಾನೆ. ಒಂದೊಂದಾಗಿ ಐವತ್ತು ವರ್ಷ ಕೂಡಿಟ್ಟದ್ದು ಅದು, ಒಂದು ಮನೆಯಲ್ಲಿ ನೆಲೆಯೂರಿ ಬದುಕಿದವನ ಆಸ್ತಿ. ಅಷ್ಟೆಲ್ಲ ಇದ್ದರೂ ನೆಲಮಾಳಿಗೆಯ ಹಳೆಯ ಫ್ರೀಜರನ್ನು ಮೇಲೆ ತರಲು ಅವನೊಬ್ಬನಿಂದ ಆಗುವುದಿಲ್ಲ. ಅವನು ನೆರವಿಗೆ ಕರೆಯುವುದು ದೂರದಲ್ಲಿರುವ ಮಕ್ಕಳನ್ನಲ್ಲ, ಪಕ್ಕದ ಮನೆಯ ಆ ಹುಡುಗನನ್ನು.

ನೀನೂ ಇನ್ನೊಮ್ಮೆ ನೋಡಿ ಬರೆ.

ಇಂತಿ,
ನಿನ್ನ ಗೆಳೆಯ