ಪಂಪ್ ನಿಂತಿತ್ತಂತೆ, ಅದಕ್ಕೇ ತಪ್ಪಿಲ್ಲವಂತೆ!

ಮಾನ್ಯ ಸಂಪಾದಕರೇ,

ಮಂಗಳವಾರ ರಾತ್ರಿಯ ಕಂಪನದ ಬಗ್ಗೆ ನಿಮ್ಮ ವರದಿ ಓದಿದೆ. 'ಆ ಹೊತ್ತಿಗೆ ಕೊಳಕು ನೀರನ್ನು ನೆಲದಾಳಕ್ಕೆ ಒತ್ತುವ ಇಂಜೆಕ್ಷನ್ ಬಾವಿಯ ಪಂಪ್ ನಿಂತು ಹತ್ತು ದಿನ ಆಗಿತ್ತು, ಹಾಗಾಗಿ ಇದು ಸಹಜ ಕಂಪನ' ಎಂದಿದ್ದಾರೆ ಅಧಿಕಾರಿಗಳು. ಆಹಾ, ಎಂಥಾ ಲೆಕ್ಕ!

ಆ ರಾತ್ರಿ ಅವರು ಎಲ್ಲಿ ಮಲಗಿದ್ದರೋ, ನಾವಂತೂ ಬೆಳಗಿನ ತನಕ ಅಂಗಳದಲ್ಲಿ ಕೂತಿದ್ದೆವು. ಅಟ್ಟದ ಡಬ್ಬಗಳು ಅಮ್ಮನ ತಲೆ ಪಕ್ಕಕ್ಕೇ ಬಿದ್ದವು. ಟ್ಯಾಂಕಿನ ಪೈಪು ಜಾಯಿಂಟಿನಲ್ಲಿ ಬಿಟ್ಟಿದೆ. ಬಚ್ಚಲ ಬಾಗಿಲು ಮುಚ್ಚುತ್ತಿಲ್ಲ. ಒಳಗೆ ಹೋದವರು ಹಾಡು ಹೇಳುತ್ತಲೇ ಇರಬೇಕು. ಹಜಾರದ ಗೋಡೆಯ ಬಿರುಕು ಬೆಳೆದಾಗೆಲ್ಲ ನಾನು ಅದರ ತುದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಕು ಬರೆಯುತ್ತೇನೆ. ಇದು ನಾಲ್ಕನೇ ಗೆರೆ. ನೋಡಲು ಬಂದ ಸಾಹೇಬರು 'ಮಕ್ಕಳು ಗೋಡೆ ಮೇಲೆ ಗೀಚಿದ್ದಾರಲ್ಲ' ಎಂದರು. ಆಮೇಲೆ ಸಿಮೆಂಟ್ ಕಮ್ಮಿ ಹಾಕಿಸಿದ್ದೀರಿ ಎಂದು ನನಗೇ ಪಾಠ.

ಒಂದೂವರೆ ವರ್ಷ ಹಗಲು ರಾತ್ರಿ ಕೊಳಕು ನೀರನ್ನು ಆಳಕ್ಕೆ ಒತ್ತಿ ತುಂಬಿದ್ದಾರೆ. ಪಂಪ್ ಆಫ್ ಮಾಡಿದರೆ ಆ ನೀರೇನು ವಾಪಸ್ ಬರುತ್ತದೆಯೇ? ಒಳಗಿನ ಒತ್ತಡ ಮೆಲ್ಲಗೆ ಹರಡುತ್ತಲೇ ಇರುತ್ತದೆ. ನೆಲದಡಿಯ ಹಳೇ ಬಿರುಕುಗಳಲ್ಲಿ ಎರಡೂ ಬದಿಯ ಬಂಡೆ ಒಂದನ್ನೊಂದು ಬಿಗಿಯಾಗಿ ಅದುಮಿ ಹಿಡಿದಿರುತ್ತವೆ. ಒತ್ತಡ ಅಲ್ಲಿಗೆ ಮುಟ್ಟಿದರೆ ಬಿಗಿ ಸಡಿಲವಾಗುತ್ತದೆ, ಬಂಡೆ ಜಾರುತ್ತದೆ. ಅಮೆರಿಕದ ಡೆನ್ವರ್ ಬಳಿ ಸೇನೆಯವರು 1962ರಲ್ಲಿ ಸುಮಾರು 3.7 ಕಿ.ಮೀ. ಆಳದ ಬಾವಿಗೆ ರಾಸಾಯನಿಕ ತ್ಯಾಜ್ಯ ತುಂಬಲು ಶುರು ಮಾಡಿದರು. ನೆಲ ನಡುಗತೊಡಗಿತು. 1966ರಲ್ಲಿ ನಿಲ್ಲಿಸಿದರು. ಅಲ್ಲಿನ ಅತಿ ದೊಡ್ಡ ಕಂಪನ ಬಂದದ್ದು 1967ರಲ್ಲಿ! ದಕ್ಷಿಣ ಕೊರಿಯಾದ ಪೊಹಾಂಗ್‌ನಲ್ಲಿ ಭೂಶಾಖದ ವಿದ್ಯುತ್ತಿಗೆಂದು ನೀರು ಒತ್ತಿದ್ದರು. ಅದು ನಿಂತು ಸುಮಾರು ಎರಡು ತಿಂಗಳಾದ ಮೇಲೆ, 2017ರ ನವೆಂಬರ್‌ನಲ್ಲಿ, 5.4ರ ಭೂಕಂಪ. ಆ ಕೆಲಸವೇ ಕಾರಣ ಎಂದು 2019ರಲ್ಲಿ ಅಲ್ಲಿನ ಸರ್ಕಾರ ನೇಮಿಸಿದ ತಂಡವೇ ಹೇಳಿತು. ನಮ್ಮವರಿಗೆ ಹತ್ತು ದಿನವೇ ಜಾಸ್ತಿ. ಇಂಥ ಬಾವಿಗಳೆಲ್ಲ ನೆಲ ನಡುಗಿಸಲ್ಲ, ಒಪ್ಪುತ್ತೇನೆ. ಇದು ನಡುಗಿಸುತ್ತಿದೆಯಾ ಅಂತ ನೋಡಬೇಕಾದವರು ಯಾರು?

ಈ ಕಚೇರಿಯ ಕಥೆ ಹೊಸದೇನಲ್ಲ ಬಿಡಿ. ಟ್ಯಾಂಕರ್ ಓಡಾಡಿ ರಸ್ತೆ ಹೋಯಿತು ಅಂದರೆ 'ಮಳೆಯಿಂದ'. ಬೀದಿದೀಪ ಕೆಟ್ಟರೆ 'ಗಾಳಿಯಿಂದ'. ಈಗ ಮನೆ ಅಲುಗಿದರೆ 'ಸಹಜ'. ಈ ಬಾವಿಯ ಬಗ್ಗೆ ಜನರ ಅಭಿಪ್ರಾಯ ಕೇಳುವ ಸಭೆಯ ನೋಟಿಸನ್ನು ಸಭೆ ಮುಗಿದ ಮರುದಿನ ಅಂಟಿಸಿದ್ದರು. ನಾನು ಮುಟ್ಟಿ ನೋಡಿದಾಗ ಗೋಂದು ಇನ್ನೂ ಹಸಿಯಾಗಿತ್ತು.

ಪಂಪ್ ಮತ್ತೆ ಶುರು ಮಾಡಲೇಬಾರದು. ಮಾಡುವುದಾದರೆ ದಿನಕ್ಕೆ ಎಷ್ಟು ನೀರು, ಎಷ್ಟು ಒತ್ತಡ ಎಂದು ಬೋರ್ಡ್ ಹಾಕಲಿ. ಕೊನೇಪಕ್ಷ ನಮ್ಮ ಬಚ್ಚಲ ಬಾಗಿಲಾದರೂ ಸರಿ ಮಾಡಿಸಿಕೊಡಲಿ. ಯಾವುದೂ ಆಗದು ಅಂದರೆ ಆ ಸಾಹೇಬರು ಒಂದು ರಾತ್ರಿ ನಮ್ಮ ಹಜಾರದಲ್ಲಿ, ಆ ನಾಲ್ಕು ಗೆರೆಗಳ ಕೆಳಗೇ ಮಲಗಲಿ. ಚಾಪೆ ನಾವೇ ಕೊಡುತ್ತೇವೆ.

ಇಂತಿ,
ನಿದ್ದೆಗೆಟ್ಟ ಓದುಗ